ಉಪ್ಪಿನಕಾಯಿ ಬಾಟಲಿಯ ದಂಡ

ಮುಚ್ಚಳ ತೆಗೆದ ಕೂಡಲೇ ಮಾವಿನಕಾಯಿ ಉಪ್ಪಿನಕಾಯಿಯ ವಾಸನೆ ಮೂಗಿಗೆ ಬಡಿಯಿತು. ಬಾಟಲಿಯೊಳಗೆ ಉಪ್ಪಿನಕಾಯಿ ಇರಲಿಲ್ಲ, ಅರ್ಧದಷ್ಟು ಕ್ವಾರ್ಟರ್, ಅಂದರೆ ಕಾಲು ಡಾಲರ್ ನಾಣ್ಯಗಳಿದ್ದವು. ಮಗ ಚಿರುವನ್ನು ಇಲ್ಲೇ, ಅಮೆರಿಕದ ಈ ಕ್ಯಾರಿ ಊರಿನ ಶಾಲೆಗೆ ಸೇರಿಸಬೇಕಿತ್ತು. ಅವನ ಬರ್ತ್ ಸರ್ಟಿಫಿಕೇಟ್ ಹುಡುಕುತ್ತಾ ಅಡುಗೆಮನೆಯ ಕಪಾಟಿನವರೆಗೂ ಬಂದಿದ್ದೆ. ನಮ್ಮ ಮನೆಯಲ್ಲಿ ಯಾವ ಕಾಗದವೂ ಇರಬೇಕಾದ ಜಾಗದಲ್ಲಿ ಇದ್ದ ಚರಿತ್ರೆಯಿಲ್ಲ. ಈ ಬಾಟಲಿಯ ಕಥೆ ಹೇಳಿದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ, ಆಗ ನಾನೂ ಇನ್ನೊಬ್ಬರನ್ನು ನೋಡಿ ಬೇಕಾದಷ್ಟು ನಕ್ಕಿದ್ದೇನೆ.

ದೊಡ್ಡವಳು ಮಾನ್ಯ ಶಾಲೆಗೆ ಸೇರಿದ್ದು ಕೊರೋನಾ ಶುರುವಾದ ವರ್ಷ. ಸೇರಿಸುವ ಫಾರ್ಮಿನಲ್ಲಿ ಮೂರು ಪ್ರಶ್ನೆಗಳಿದ್ದವು: ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಹೆಚ್ಚಾಗಿ ಆಡುವ ಭಾಷೆ ಯಾವುದು, ದೊಡ್ಡವರು ಮಗುವಿನ ಜೊತೆ ಆಡುವುದು ಯಾವುದು. ಮೂರಕ್ಕೂ ಉತ್ತರ ಕನ್ನಡ. ಆದರೆ ನಮ್ಮ ವಾಟ್ಸಾಪ್ ಗುಂಪಿನ ಪಂಡಿತರು ಮೊದಲೇ ಎಚ್ಚರಿಸಿದ್ದರು. ಬೇರೆ ಭಾಷೆಯ ಹೆಸರು ಬರೆದರೆ ಮಗುವನ್ನು ಕರೆದು ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ, ಇಂಗ್ಲಿಷ್ ಬಾರದವರ ಕ್ಲಾಸಿಗೆ ಕೂರಿಸುತ್ತಾರೆ ಎಂದು. ಎರಡು ಡಿಗ್ರಿಯನ್ನೂ ಇಂಗ್ಲಿಷಿನಲ್ಲೇ ಪಾಸು ಮಾಡಿದವನ ಮಗಳಿಗೆ ಇಂಗ್ಲಿಷ್ ಪರೀಕ್ಷೆಯೇ? ನಾವಾದರೋ ನಾಮಕರಣಕ್ಕೆ ಮೊದಲೇ ಮಗುವಿನ ಕಾಲೇಜಿಗೆಂದು ಉಳಿತಾಯ ಖಾತೆ ತೆರೆದ ಜನ. ಆ ಕ್ಲಾಸಿನ ಹಣೆಪಟ್ಟಿ ಅಂಟಿದರೆ ದೊಡ್ಡ ಕಾಲೇಜೆಲ್ಲಿ, ಉಳಿಸಿದ್ದು ಯಾರಿಗೆ ಎಂದು ಹೆದರಿ ಮೂರು ಕಡೆಯೂ ಇಂಗ್ಲಿಷ್ ಎಂದು ಬರೆದೆ. ಆಗ ಮಾನ್ಯಳಿಗೆ ಬರುತ್ತಿದ್ದ ಇಂಗ್ಲಿಷ್ ಎಂದರೆ ನಾಲ್ಕು ಬಣ್ಣಗಳ ಹೆಸರು ಮತ್ತು ಬೈ.

ಪಕ್ಕದ ಮನೆಯ ಸೆಲ್ವಂ ಮಧುರೈ ಕಡೆಯವನು. ಬೆಂಗಳೂರಿನಲ್ಲಿ ಐದಾರು ವರ್ಷ ಕೆಲಸ ಮಾಡಿದ್ದರಿಂದ ಕನ್ನಡ ಚೆನ್ನಾಗಿಯೇ ಆಡುತ್ತಾನೆ. ಹತ್ತನೇ ಕ್ಲಾಸಿನವರೆಗೆ ಓದಿದ್ದು ತಮಿಳು ಮೀಡಿಯಂ. ಮೀಟಿಂಗಿನಲ್ಲಿ ಇಂಗ್ಲಿಷ್ ತಡವರಿಸುತ್ತದೆ ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಅವನು ಕೇಳದಿದ್ದರೂ ನಾನು ತಿದ್ದಿ ಉಪಕಾರ ಮಾಡುತ್ತಿದ್ದೆ. ಅವನ ಮಗ ಇನಿಯನ್‌ಗೂ ಮಾನ್ಯಳಷ್ಟೇ ವಯಸ್ಸು. ಹಿತ್ತಲ ಬೇಲಿಯ ಬಳಿ ನಿಂತು ಫಾರ್ಮಿನ ಗುಟ್ಟನ್ನು ಅವನಿಗೂ ದಾನ ಮಾಡಿದೆ. ಅವನು ತಲೆ ಕೆರೆದುಕೊಂಡ.

"ಸಾರ್, ಮನೇಲಿ ತಮಿಳೇ ತಾನೇ ಮಾತಾಡೋದು? ಹಂಗೇ ಬರ್ದೆ. ಇಂಗ್ಲಿಷ್ ಫ್ರೀಯಾಗಿ ಹೇಳ್ಕೊಡ್ತಾರಂತೆ, ಒಳ್ಳೇದೇ ಅಲ್ವಾ?"

ಒಳ್ಳೆಯದಂತೆ. ಒಳಗೆ ಬಂದು ಹೆಂಡತಿ ಸುಮಾಳಿಗೆ ಹೇಳಿ ಹೊಟ್ಟೆ ತುಂಬ ನಕ್ಕೆ. ಪಾಪ ಆ ಹುಡುಗನ ಭವಿಷ್ಯ ಎಂದು ಅವಳು ಲೊಚಗುಟ್ಟಿದಳು.

ಬರೆದದ್ದಾಯಿತು, ಆದರೆ ಆ ಸುಳ್ಳನ್ನು ನಡೆಸಿಕೊಂಡು ಹೋಗಬೇಕಲ್ಲ. ಆ ವರ್ಷ ಶಾಲೆ ನಡೆದದ್ದೇ ನಮ್ಮ ಊಟದ ಮೇಜಿನ ಮೇಲೆ. ಲ್ಯಾಪ್‌ಟಾಪಿನೊಳಗಿಂದ ಟೀಚರಿಗೆ ನಮ್ಮ ಒಗ್ಗರಣೆಯ ಸದ್ದೂ ಕೇಳುತ್ತಿತ್ತು. ಮೊದಲ ದಿನವೇ ಮಾನ್ಯ ಎದ್ದು ನಿಂತು, "ಮಿಸ್, ನಂಗೆ ಉಚ್ಚೆ ಬಂತು" ಎಂದಳು. ಟೀಚರ್ ನಗುತ್ತಾ ಗುಡ್ ಮಾರ್ನಿಂಗ್ ಎಂದರು. ನಾನು ಎದ್ದೆನೋ ಬಿದ್ದೆನೋ ಎಂದು ಓಡಿ ಮ್ಯೂಟ್ ಒತ್ತಿದೆ. ಸಂಜೆ ಸಂಪುಟ ಸಭೆ ಸೇರಿ ಕಾನೂನು ಮಾಡಿದೆವು: ಮನೆಯಲ್ಲಿ ಇನ್ನು ಇಂಗ್ಲಿಷ್ ಮಾತ್ರ, ಯಾರು ಕನ್ನಡ ಆಡಿದರೂ ಒಂದು ಕ್ವಾರ್ಟರ್ ದಂಡ. ಉಪ್ಪಿನಕಾಯಿ ಬಾಟಲಿ ತೊಳೆದು ಮೇಜಿನ ಮೇಲಿಟ್ಟೆವು. ದಂಡದ ಹಣವೆಲ್ಲ ಮಾನ್ಯಳ ಕಾಲೇಜಿಗೆ. ಎಂಥ ಬುದ್ಧಿ ನೋಡಿ, ಒಂದೇ ಬಾಟಲಿಯಲ್ಲಿ ಇಂಗ್ಲಿಷೂ ಉದ್ಧಾರ, ವಿದ್ಯೆಯೂ ಉದ್ಧಾರ.

ಮೊದಮೊದಲು ಆದಾಯ ಜೋರಾಗಿತ್ತು. ಮೇಜಿನ ಕಾಲು ಎಡವಿ ಸುಮಾ ಅಯ್ಯೋ ಎಂದರೆ ಅದಕ್ಕೂ ದಂಡ. ವಸೂಲಿ ಅಧಿಕಾರಿ ಮಾನ್ಯ. ಬಾಟಲಿ ಹಿಡಿದುಕೊಂಡು ನಮ್ಮ ಹಿಂದೆ ಹಿಂದೆಯೇ ಬರುತ್ತಿದ್ದಳು. ಒಂದು ಸಲ ಜ್ವರ ಬಂದು ಮಲಗಿದ್ದವಳು, "ಅಪ್ಪಾ, ತಲೆ ನೋಯ್ತಿದೆ" ಎಂದಳು. ಮರುಕ್ಷಣವೇ ಬಾಯಿ ಮುಚ್ಚಿಕೊಂಡು ಸಾರಿ ಎಂದು, ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ನಾನೇನು ಮಾಡಿದೆ ಗೊತ್ತೇ? ವೆರಿ ಗುಡ್ ಎಂದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ವರ್ಷದೊಳಗೆ ಆದಾಯ ಬತ್ತಿತು. ಎರಡನೆಯ ವರ್ಷ ಬಾಟಲಿಗೆ ಒಂದು ನಾಣ್ಯವೂ ಬೀಳಲಿಲ್ಲ. ಕಾನೂನು ಗೆದ್ದಿತೆಂದು ಬೀಗಿ ಬಾಟಲಿಯನ್ನು ಕಪಾಟಿಗೆ ಸೇರಿಸಿದೆವು. ಆಗಿನ್ನೂ ಕೈಗೂಸಾಗಿದ್ದ ಚಿರು ಮಾತು ಕಲಿತದ್ದು ಆ ಗೆದ್ದ ಮನೆಯಲ್ಲಿ.

ಇನಿಯನ್ ಆ ಇಂಗ್ಲಿಷ್ ಕ್ಲಾಸಿನಲ್ಲಿ ಒಂದೂವರೆ ವರ್ಷ ಕೂತು ಹೊರಬಂದ. ಈಗ ಅವನ ಇಂಗ್ಲಿಷಿಗೂ ಮಾನ್ಯಳ ಇಂಗ್ಲಿಷಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಹಣೆಪಟ್ಟಿ ಎಲ್ಲಿ ಅಂಟಿತ್ತೋ ದೇವರಿಗೇ ಗೊತ್ತು. ಆದರೆ ಸಂಜೆಯಾದರೆ ಬೇಲಿಯಾಚೆ ಅಪ್ಪನ ಜೊತೆ ತಮಿಳಿನಲ್ಲಿ ಜಗಳವಾಡುತ್ತಾನೆ. ಸೈಕಲ್ಲಿಗೆ, ಫೋನಿಗೆ, ಹಾಗಲಕಾಯಿಗೆ. ಸೆಲ್ವಂ ಒಂದು ಅಂದರೆ ಅವನು ನಾಲ್ಕು ಅನ್ನುತ್ತಾನೆ. ನನ್ನ ಮಕ್ಕಳು ನನ್ನ ಜೊತೆ ಜಗಳವಾಡುವುದಿಲ್ಲ. ಓಕೆ ಅಪ್ಪಾ ಎಂದು ಕೋಣೆಗೆ ಹೋಗಿಬಿಡುತ್ತಾರೆ. ಆ ಜಗಳ ಕೇಳುವಾಗ ನನಗೆ ಹೊಟ್ಟೆ ಉರಿಯುತ್ತದೆ, ನಿಮ್ಮ ಹತ್ತಿರ ಮುಚ್ಚಿಡುವುದೇನು.

ಬರ್ತ್ ಸರ್ಟಿಫಿಕೇಟ್ ಕೊನೆಗೆ ಕಾರಿನಲ್ಲಿ ಸಿಕ್ಕಿತು. ಬಾಟಲಿಯನ್ನು ಪಕ್ಕದಲ್ಲಿಟ್ಟುಕೊಂಡು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದರೆ ಚಿರುವಿನ ಫಾರ್ಮಿನಲ್ಲೂ ಅದೇ ಮೂರು ಪ್ರಶ್ನೆ. ಈ ಸಲ ನಾನು ಹೆದರುವವನಲ್ಲ. ಎದೆಯುಬ್ಬಿಸಿ ಮೂರು ಕಡೆಯೂ ಕನ್ನಡ ಎಂದು ಟೈಪ್ ಮಾಡಿದೆ. ಹಿಂದೆ ನಿಂತು ಓದುತ್ತಿದ್ದ ಮಾನ್ಯ, "ಅಪ್ಪಾ, ದಟ್ಸ್ ನಾಟ್ ಟ್ರೂ" ಎಂದಳು.

"ಯಾಕಮ್ಮ, ಯಾಕೆ ನಿಜ ಅಲ್ಲ?" ಎಂದೆ.

ಅವಳು ನಗುತ್ತಾ ಬಾಟಲಿಯನ್ನು ನನ್ನ ಕಡೆ ತಳ್ಳಿದಳು. "ಕ್ವಾರ್ಟರ್, ಅಪ್ಪಾ."

ಜೇಬಿನಲ್ಲಿ ಒಂದಿತ್ತು, ಹಾಕಿದೆ. ಆಮೇಲೆ ಮೂರು ಉತ್ತರಗಳನ್ನೂ ಅಳಿಸಿ ಇಂಗ್ಲಿಷ್ ಎಂದು ಟೈಪ್ ಮಾಡಿದೆ. ಮಾನ್ಯಳ ಫಾರ್ಮಿನಲ್ಲಿ ಬರೆದದ್ದೂ ಇದನ್ನೇ. ಆಗ ಅದು ಸುಳ್ಳಾಗಿತ್ತು.