ಹಾಲಮ್ಮನ ಬಲಗೈ

ಹಾಲಮ್ಮನ ಬಲಗೈಯಲ್ಲಿ ಬಳೆ ಇರಲಿಲ್ಲ. ಎಡಗೈ ತುಂಬ ಗಾಜಿನ ಬಳೆ, ಬಲಗೈ ಮಾತ್ರ ಬೋಳು. ಗಂಡ ತೀರಿಕೊಂಡಾಗ ನೆಂಟರು ಎಡಗೈಯದನ್ನೂ ತೆಗೆಸಲು ಬಂದರಂತೆ. "ಅವರಿದ್ದಾಗ್ಲೇ ಒಂದು ಕೈ ಬೋಳಿತ್ತಲ್ಲ, ಅದೇ ಸಾಕು ಹೋಗ್ರಿ" ಎಂದು ಕಳಿಸಿದಳಂತೆ. ಬಲಗೈ ಬೋಳಾಗಿರಲು ಕಾರಣ ದನಗಳು. ಗಂಟಲಿಗೆ ಏನಾದರೂ ಸಿಕ್ಕಿಕೊಂಡ ದನದ ಬಾಯೊಳಗೆ ಮೊಣಕೈವರೆಗೆ ಕೈ ಇಳಿಸುವವಳು ಅವಳು. ಒಳಗೆ ಬಳೆ ಒಡೆದರೆ ದನದ ಗತಿ ಏನು?

ನಾನು ಜಗಳೂರು ಕಡೆಯ ಒಂದು ದನದ ಆಸ್ಪತ್ರೆಯಲ್ಲಿ ಪರೀಕ್ಷಕ. ಡಾಕ್ಟರ್ ಅಲ್ಲ. ಆದರೆ ಸಿರಿಂಜ್ ಹಿಡಿದವರೆಲ್ಲ ಊರವರ ಬಾಯಲ್ಲಿ ಡಾಕ್ಟ್ರೇ. ನಮ್ಮ ಕಡೆ ಮೆಕ್ಕೆಜೋಳ ಜಾಸ್ತಿ. ಒಕ್ಕಣೆಯ ಕಾಲದಲ್ಲಿ ರಾಶಿಯ ಪಕ್ಕದಲ್ಲೇ ದನ ಕಟ್ಟುತ್ತಾರೆ, ಅದು ಕಾಳು ಬಿಡಿಸಿದ ದಿಂಡನ್ನು ಇಡಿಯಾಗಿ ನುಂಗಿ ಒದ್ದಾಡುತ್ತದೆ. ನಾನು ಬೈಕ್ ಹತ್ತಿ ಹೋಗುವಷ್ಟರಲ್ಲಿ ಹಾಲಮ್ಮ ಕೆಲಸ ಮುಗಿಸಿ ಕೈ ತೊಳೆಯುತ್ತಿರುತ್ತಿದ್ದಳು. "ಬಂದ್ರಾ? ಮದುವಿ ಮುಗಿದ ಮ್ಯಾಲೆ ಬರೋ ಓಲಗದೋರಂಗೆ ಬರ್ತೀರಲ್ರಿ" ಎಂದು ಎಲ್ಲರೆದುರು ನನ್ನ ಮಾನ ತೆಗೆಯುತ್ತಿದ್ದಳು. ಒಳಗಿಂದ ತೆಗೆದ ದಿಂಡನ್ನು ದನದ ಯಜಮಾನನ ಕೈಗೇ ಕೊಟ್ಟು, "ಇಟ್ಕಳಪ್ಪ, ದೇವರ ಜಗಲಿ ಮ್ಯಾಲೆ ಇಡು. ದಿನಾ ನೋಡಿದ್ರಾದ್ರೂ ಬುದ್ಧಿ ಬರ್ತೈತೇನೋ" ಎನ್ನುತ್ತಿದ್ದಳು.

ಅವಳು ಕೈ ಹಾಕುವುದನ್ನು ನೋಡಬೇಕಿತ್ತು. ಇಬ್ಬರು ಗಂಡಸರು ಕೊಂಬು ಹಿಡಿಯಬೇಕು, ಒಬ್ಬ ನಾಲಿಗೆಯನ್ನು ಪಕ್ಕಕ್ಕೆಳೆದು ಹಿಡಿಯಬೇಕು. ಹಾಲಮ್ಮ ಹರಳೆಣ್ಣೆ ಸವರಿದ ಕೈಯನ್ನು ಕಿರಿದು ಮಾಡಿ, ಕಣ್ಣು ಮುಚ್ಚಿ, ಒಳಗೆ ಇಳಿಸುವಳು. ಜೊತೆಗೆ ದನದೊಂದಿಗೆ ಮಾತು: "ತಡಿಯವ್ವ, ಸಿಕ್ತು, ಸಿಕ್ತು." ದನ ಹಲ್ಲು ಮಸೆದರೆ ಅವಳ ತೋಳಿನ ಚರ್ಮ ಕಿತ್ತು ಬರುತ್ತಿತ್ತು. ಅದಕ್ಕೆ ಅರಿಶಿನ ಒತ್ತಿಕೊಂಡು ಮನೆಗೆ ಹೋಗುತ್ತಿದ್ದಳು.

ನಾನು ಬೈಯದ ದಿನವಿಲ್ಲ. ಭುಜದವರೆಗೆ ಬರುವ ಪ್ಲಾಸ್ಟಿಕ್ ಕೈಗವಸುಗಳ ಒಂದು ಕಟ್ಟನ್ನೇ ತಂದುಕೊಟ್ಟಿದ್ದೆ. "ದನದ ಜೊಲ್ಲಲ್ಲಿ ಏನೇನೋ ರೋಗ ಇರ್ತಾವೆ ಅಮ್ಮ, ಇದು ಹಾಕ್ಕೊಂಡು ಮಾಡು" ಎಂದೆ. ಮುಂದಿನ ತಿಂಗಳು ಅವಳ ಮನೆಗೆ ಹೋದರೆ ಅದರ ಒಂದೊಂದು ಬೆರಳಲ್ಲೂ ಒಂದೊಂದು ಬಗೆಯ ಬೀಜ ತುಂಬಿ ಸೂರಿಗೆ ನೇತುಹಾಕಿದ್ದಳು. ಹೆಬ್ಬೆರಳಲ್ಲಿ ಅವರೆ, ತೋರುಬೆರಳಲ್ಲಿ ಹೀರೆ. "ಅದು ಹಾಕಿದ್ರೆ ಕೈಗೆ ಕಣ್ಣು ಕಾಣಲ್ರಿ ಡಾಕ್ಟ್ರೇ. ಬೀಜಕ್ಕೆ ಮಾತ್ರ ಭಾಳ ಅನುಕೂಲ" ಎಂದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆವತ್ತು ನಗಬಾರದಿತ್ತು.

ಈಗ ಹೇಳಲೇಬೇಕಾದ್ದನ್ನು ಹೇಳುತ್ತೇನೆ. ಚನ್ನಗಿರಿ ತಾಲೂಕಿನ ಕತ್ತಲಗೆರೆಯಲ್ಲಿ ನನ್ನ ಭಾಮೈದನ ಗೃಹಪ್ರವೇಶ. ರಜೆ ಹಾಕಿ ಹೋಗಿದ್ದೆ. ಶಾಮಿಯಾನದವರು ಹೇಳಿದ ಹೊತ್ತಿಗೆ ಬಾರದೆ, ಬಂದ ಮೇಲೂ ಸೊಟ್ಟಗೆ ಕಟ್ಟುತ್ತಿದ್ದರು. ಅವರ ಜೊತೆ ಜಗಳದಲ್ಲಿದ್ದಾಗ ರುದ್ರಪ್ಪನ ಫೋನ್ ಬಂತು. ಹಾಲಮ್ಮನ ಊರಿನ ರೈತ ಅವನು. "ಹಸು ಬಾಯಿಂದ ಜೊಲ್ಲು ಸುರಿಸ್ತೈತ್ರಿ, ಮೇವು ಮುಟ್ಟವಲ್ದು, ದನಿ ಒಡೆದೈತೆ. ಏನ್ ಮಾಡ್ಲಿ?" ಎಂದ. ನಾನು ಒಂದು ಪ್ರಶ್ನೆ ಕೇಳಬೇಕಿತ್ತು, ಈಚೆಗೆ ಅದನ್ನು ನಾಯಿ ಏನಾದರೂ ಕಚ್ಚಿತ್ತಾ ಎಂದು. ಕೇಳಲಿಲ್ಲ. "ದಿಂಡು ಸಿಕ್ಕಿರಬೇಕು. ನಾನು ಬರೋದು ನಾಡಿದ್ದು. ಹಾಲಮ್ಮನ್ನ ಕರ್ಸಿ ತೋರಿಸು" ಎಂದು ಫೋನ್ ಇಟ್ಟು ಮತ್ತೆ ಶಾಮಿಯಾನದವರ ಮೇಲೆ ಹರಿಹಾಯ್ದೆ.

ಹುಚ್ಚು ಹಿಡಿದ ಹಸು ನಾಯಿಯ ಹಾಗೆ ಅಟ್ಟಿಸಿಕೊಂಡು ಬಂದೇ ತೀರುತ್ತದೆ ಎಂದೇನಿಲ್ಲ. ಗಂಟಲ ನರ ಸೋತು ನುಂಗಲಾಗದೆ ಜೊಲ್ಲು ಸುರಿಸಿಕೊಂಡು ನಿಲ್ಲುತ್ತದೆ. ನೋಡಿದವರಿಗೆ ಏನೋ ಸಿಕ್ಕಿಕೊಂಡ ಹಾಗೇ ಕಾಣುತ್ತದೆ. ಆ ಜೊಲ್ಲಿನಲ್ಲೇ ರೋಗ ಇರುತ್ತದೆ. ಇದು ನನಗೆ ಗೊತ್ತಿತ್ತು, ಇಲಾಖೆ ಇದನ್ನು ಕಲಿಸಿಯೇ ಕೆಲಸಕ್ಕೆ ಕಳಿಸಿತ್ತು. ಹಾಲಮ್ಮನಿಗೆ ಗೊತ್ತಿರಲಿಲ್ಲ.

ಮೂರನೇ ದಿನ ನಾನು ಹಿಂತಿರುಗುವಷ್ಟರಲ್ಲಿ ಹಸು ಸತ್ತಿತ್ತು. "ಹಾಲಮ್ಮ ಮೂರು ಸಲ ಕೈ ಹಾಕಿ ನೋಡಿದ್ಳು, ಏನೂ ಸಿಗಲಿಲ್ಲ" ಎಂದ ರುದ್ರಪ್ಪ. ಆಮೇಲೆ ಏನೋ ನೆನಪಾದವನಂತೆ, "ಹೋದ ತಿಂಗಳು ಒಂದು ಹುಚ್ಚುನಾಯಿ ಕೊಟ್ಟಿಗೆಗೆ ನುಗ್ಗಿತ್ರಿ. ಹಸಿನ ಮುಸುಡಿಗೆ ಒಂಚೂರು ಗೀರಿತ್ತು, ಅಷ್ಟೇ" ಎಂದ.

ಹಸುವಿನ ಬಾಯಿಗೆ ಎಣ್ಣೆ ಹೊಯ್ದ ರುದ್ರಪ್ಪ, ಕೊಂಬು ಮತ್ತು ನಾಲಿಗೆ ಹಿಡಿದವರು, ಎಲ್ಲರ ಕೈಯನ್ನೂ ಸೋಪಿನಲ್ಲಿ ತೊಳೆಸಿ, ಆಟೋಗೆ ತುಂಬಿ ಆಸ್ಪತ್ರೆಗೆ ಒಯ್ದು ನಾಯಿ ಕಡಿತದ ಸೂಜಿ ಹಾಕಿಸಿದೆ. ಹಾಲಮ್ಮ ಮಾತ್ರ ಊರಲ್ಲಿರಲಿಲ್ಲ. ಅವಳಿಗೆ ಫೋನೂ ಇಲ್ಲ. ತ್ಯಾವಣಿಗೆಯ ತಂಗಿಯ ಮನೆಗೆ ಹೋಗಿದ್ದಾಳೆ ಎಂದರು. ಮರುದಿನ ಬೆಳಿಗ್ಗೆ ತ್ಯಾವಣಿಗೆಗೆ ಹೋದರೆ, "ನಿನ್ನೇನೇ ಮಗಳ ಮನಿಗೆ ಹೋದ್ಳಲ್ಲ, ನ್ಯಾಮತಿಗೆ" ಎಂದಳು ತಂಗಿ. ಮಗಳ ಫೋನ್ ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಹೊನ್ನಾಳಿ ದಾಟಿ ನ್ಯಾಮತಿ ಮುಟ್ಟುವವರೆಗೆ ನಾನು ಬೇಡಿಕೊಳ್ಳದ ದೇವರಿಲ್ಲ.

ಮಗಳು ನೇತ್ರ ಹೊಲಕ್ಕೆ ಹೋಗಿದ್ದಳು. ಹಾಲಮ್ಮ ಜಗಲಿಯ ಮೇಲೆ ಒಬ್ಬಳೇ ಕೂತು ಮೆಕ್ಕೆಜೋಳ ಸುಲಿಯುತ್ತಿದ್ದಳು. ಆ ಕೈಯನ್ನು ನೋಡಿದೆ. ಸುಲಿದೂ ಸುಲಿದೂ ಅಂಗೈ ತುಂಬ ಒಡಕು. ನನ್ನನ್ನು ಕಂಡು ಅವಳ ಮುಖ ಅರಳಿತು. "ಅಂತೂ ನೀವೇ ಹೇಳಿ ಕಳಿಸಿದ್ರಲ್ರಿ. ಡಾಕ್ಟ್ರೇ ಕರ್ಸು ಅಂದಾರೆ ಅಂತ ರುದ್ರಪ್ಪ ಬಂದ, ಉಣ್ಣೋ ಗಂಗಾಳ ಅಲ್ಲೇ ಬಿಟ್ಟು ಓಡಿದೆ ನೋಡ್ರಿ. ಇಷ್ಟು ವರ್ಷಕ್ಕೆ ನನ್ನ ಕೈ ನಿಮ್ಮ ಲೆಕ್ಕಕ್ಕೆ ಬಂತು" ಎಂದಳು. ನಾನು ಅವಳ ಕೈಯ ತೆನೆ ಕೆಳಗಿಡಿಸಿ, "ಆ ಹಸುವಿಗೆ ಹುಚ್ಚು ಹಿಡಿದಿತ್ತಮ್ಮ, ಸೂಜಿ ಹಾಕಿಸಬೇಕು, ನಡಿ" ಎಂದೆ.

"ನಾಯಿ ಕಡಿದಿಲ್ಲ, ಸುಡುಗಾಡಿಲ್ಲ, ನಂಗ್ಯಾಕೆ ಸೂಜಿ?" ಎಂದು ಅವಳು ಜಗಳಕ್ಕೆ ನಿಂತಳು. ಕಾಲು ಹಿಡಿಯುತ್ತೇನೆ ಎಂದ ಮೇಲೆ ಬೈಕ್ ಹತ್ತಿದಳು. ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಅವಳ ಅಂಗೈ ನೋಡಿದವಳೇ ಸೂಜಿ ಹಾಕಿ, ಚೀಟಿ ಬರೆದುಕೊಟ್ಟಳು. "ಒಡಕಿನ ಸುತ್ತ ಇನ್ನೊಂದು ಔಷಧಿ ಹಾಕಬೇಕು, ಅದಕ್ಕೆ ಇವತ್ತೇ ಶಿವಮೊಗ್ಗಕ್ಕೆ ಹೋಗ್ರಿ. ಈ ಸೂಜೀನೂ ಒಂದೇ ಅಲ್ಲ. ಕಾರ್ಡ್‌ನಲ್ಲಿ ಬರೆದ ದಿನಕ್ಕೆಲ್ಲ ಬರಬೇಕು, ಒಂದೂ ತಪ್ಪಿಸಬಾರದು" ಎಂದು ಎರಡೆರಡು ಸಲ ಹೇಳಿದಳು. "ನೇತ್ರ ಬರ್ಲಿ, ಅವಳ ಜೊತಿಗೆ ಹೋಗ್ತೀನಿ. ನೀವು ನಡೀರಿ, ಊರಾಗಿನ ದನ ನೋಡ್ಕಳ್ರಿ" ಎಂದಳು ಹಾಲಮ್ಮ. ಊರಿನ ಉಳಿದ ದನಗಳ ಚಿಂತೆ ನನಗೂ ಇತ್ತು. ನಂಬಿ ಬಂದೆ.

ಆಮೇಲೆ ಕಾರ್ಡಿನ ಪ್ರತಿ ದಿನಕ್ಕೂ ನೇತ್ರಳ ಫೋನಿಗೆ ಮಾಡಿದೆ. ಮಗಳ ಮನೆಯಲ್ಲೇ ಉಳಿದಿದ್ದ ಹಾಲಮ್ಮನೇ ಪ್ರತಿ ಸಲವೂ ಮಾತಾಡಿ, "ಹೂಂ, ಆತ್ರಿ, ಹಾಕಿಸ್ಕಂಡೆ" ಎಂದಳು. ಎಲ್ಲ ಸುಳ್ಳು. ಶಿವಮೊಗ್ಗಕ್ಕೂ ಹೋಗಿರಲಿಲ್ಲ. ಎರಡನೇ ಸೂಜಿಯ ದಿನ ಆಸ್ಪತ್ರೆಗೆ ಹೊರಟವಳನ್ನು ದಾರಿಯಲ್ಲಿ ಯಾರೋ ಕರೆದರಂತೆ, ಎಮ್ಮೆಯ ಗಂಟಲಲ್ಲಿ ದಿಂಡು ಸಿಕ್ಕಿದೆ ಎಂದು. ದಿಂಡು ತೆಗೆದಳು, ಎಮ್ಮೆ ಉಳಿಯಿತು, ಆಸ್ಪತ್ರೆಯ ಹೊತ್ತು ಮೀರಿತು. ಒಂದು ತಪ್ಪಿತಲ್ಲ, ಇನ್ನು ಹೋದರೆ ಬೈಯುತ್ತಾರೆ ಎಂದು ಸುಮ್ಮನಾದಳಂತೆ. ಕಾರ್ಡನ್ನು ಕಣ್ಣಾರೆ ನೋಡಬೇಕು ಎಂದು ನನಗೆ ಹೊಳೆಯಲಿಲ್ಲ. ನನ್ನ ತಲೆಗೆ ನಾನೇ ಹೊಡೆದುಕೊಳ್ಳುವುದು ಈ ವಿಷಯಕ್ಕೆ.

ಎರಡು ತಿಂಗಳ ಮೇಲೆ ನೇತ್ರಳೇ ಫೋನ್ ಮಾಡಿದಳು. "ಅಮ್ಮಂಗೆ ಜ್ವರ ಡಾಕ್ಟ್ರೇ. ನೀರು ಇಳೀವಲ್ದು. ಗಂಟಲಾಗೆ ಏನೋ ಸಿಕ್ಕೊಂಡೈತೆ ಅಂತಾಳೆ." ನಾನು ಫೋನ್ ಹಿಡಿದುಕೊಂಡೇ ಅತ್ತೆ. ಈ ರೋಗ ಒಮ್ಮೆ ಕಾಣಿಸಿಕೊಂಡ ಮೇಲೆ ಮಾಡಲು ಏನೂ ಉಳಿದಿರುವುದಿಲ್ಲ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಅವಳನ್ನು ಬೇರೆ ಕೋಣೆಯಲ್ಲಿಟ್ಟಿದ್ದರು. ನೇತ್ರ ಅಳುತ್ತ, "ಬಾಯಿ ತೆಗಿಯವ್ವ, ನಾನು ತೆಗೀತೀನಿ, ಎಷ್ಟು ದನಕ್ಕೆ ತೆಗೆದೀ ನೀನು" ಎಂದು ತಾಯಿಯ ಬಾಯಿಗೆ ಬೆರಳು ಹಾಕಲು ಹೋದಳು. ಹಾಲಮ್ಮ ಹಲ್ಲು ಕಚ್ಚಿ ಮುಖ ಗೋಡೆಗೆ ತಿರುಗಿಸಿದಳು. ಆಗ ಅವಳಿಗೆ ಎಲ್ಲ ಅರ್ಥವಾಗಿತ್ತು. ಮಗಳನ್ನು ಹೊರಗೆ ಕಳಿಸಿ, ತುಂಡು ತುಂಡಾಗಿ ಮಾತಾಡಿದಳು: "ಇವ್ಳಿಗೆ ಸೂಜಿ ಹಾಕಿಸ್ರಿ. ಎಲ್ಲಾವೂ. ಎದುರಿಗೆ ನಿಂತು ಹಾಕಿಸ್ರಿ, ನನ್ನಂಗೆ ಸುಳ್ಳು ಹೇಳ್ತಾಳೆ." ಆಮೇಲೆ, "ನೀವು ಕರ್ಸಿದ್ದು ಇವ್ಳಿಗೆ ಗೊತ್ತಿಲ್ಲ. ಹೇಳಬ್ಯಾಡ್ರಿ" ಎಂದಳು. ಮರುದಿನ ಹೋದಳು.

ನೇತ್ರಳ ಪ್ರತಿ ಸೂಜಿಗೂ ನಾನು ಜಗಳೂರಿಂದ ಹೋಗಿ ಎದುರಿಗೆ ನಿಂತೆ. ಹನ್ನೊಂದರ ದಿನ ಅವಳು ನೆಂಟರೆದುರು, "ಅಮ್ಮನ್ನ ಉಳಿಸಾಕೆ ಇವರು ನಾಕು ತಾಲೂಕು ಸುತ್ತಿದ್ರು" ಎಂದಳು. ನಾನು ತಲೆ ತಗ್ಗಿಸಿ ಕೂತಿದ್ದೆ. ಹೇಳಿಬಿಟ್ಟರೆ ಸಿಟ್ಟಿನಲ್ಲಿ ಉಳಿದ ಸೂಜಿ ಬಿಟ್ಟಾಳು ಎಂಬ ಭಯ.

ಕೊನೆಯ ಸೂಜಿಯ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಳೇ ಕೇಳಿದಳು. "ಡಾಕ್ಟ್ರೇ, ಆ ಹಸಿನ ಬಾಯಿಗೆ ಕೈ ಹಾಕು ಅಂತ ಅಮ್ಮನ್ನ ಕರ್ಸಿದೋರು ಯಾರು? ಒಂದ್ಸಲ ಅವರ ಮುಖ ನೋಡಬೇಕು ನಾನು."

ಹಾಲಮ್ಮನ ಮಾತು ಮೀರಿದೆ. "ನಾನೇ ಕರ್ಸಿದ್ದು ನೇತ್ರ. ಫೋನಲ್ಲಿ, ಏನೂ ವಿಚಾರಿಸದೆ" ಎಂದೆ.

ಅವಳು ನನ್ನ ಮುಖ ನೋಡಿದಳು. ಸೆರಗಿನ ಗಂಟಿನಿಂದ ಕಾರ್ಡು ಬಿಚ್ಚಿ ನನ್ನ ಮುಂದೆ ಹಿಡಿದಳು.

"ಎಲ್ಲಾ ಸೂಜಿ ಬಿದ್ದಾವಲ್ಲ, ನೋಡ್ಕಳ್ರಿ. ಇನ್ನು ನೀವು ಬರಬ್ಯಾಡ್ರಿ."