ಹುರಮಂಜಿನ ಕೆಳಗೆ

ಹಸಿರು ನೊಣ ಸತ್ತ ಮೈಗೆ ಮಾತ್ರ ಬರುತ್ತದೆ ಎಂದು ನಾನು ತಿಳಿದಿದ್ದೆ. ಹಳ್ಳದಲ್ಲಿ ನಾಯಿ ಸತ್ತು ಬಿದ್ದರೆ ನಮ್ಮ ಮೂಗಿಗೆ ವಾಸನೆ ಬಡಿಯುವ ಮೊದಲೇ ಅವು ಬಂದಿರುತ್ತವೆ. ಬದುಕಿದ ಮೈಯಲ್ಲೂ ಕೊಳೆತ ಮಾಂಸವಿದ್ದರೆ ಅವು ಸಾವಿಗಾಗಿ ಕಾಯುವುದಿಲ್ಲ. ಅದು ನನಗೆ ತಿಳಿದದ್ದು ಎಪ್ಪತ್ತರ ದಶಕದ ಒಂದು ಕಾರಹುಣ್ಣಿಮೆಯಲ್ಲಿ.

ಆಗ ಕೆರೂರಿನ ಹತ್ತಿರ ನನಗೊಂದು ಹೊಲ, ಒಂದೇ ಎತ್ತು. ಬೇವೂರಿನಲ್ಲಿದ್ದ ನನ್ನ ವಿಧವೆ ಅಕ್ಕನಿಗೂ ಒಂದೇ ಎತ್ತು. ಒಂಟಿ ಎತ್ತಿನವರು ಜೋಡಿ ಕೂಡಿಸಿ ಇಬ್ಬರ ಹೊಲವನ್ನೂ ಹರಗಿಕೊಳ್ಳುವುದು ನಮ್ಮ ಕಡೆಯ ರೂಢಿ. ಮೊದಲು ನನ್ನದು, ಹಬ್ಬದ ಮೇಲೆ ಅವಳದು ಎಂದು ಮಾತಾಗಿತ್ತು. ಹೊಲದ ಕೆಲಸ ಬಿಟ್ಟು ಬೇರೆ ಯಾವುದಕ್ಕೂ ಹೂಡಬೇಡ ಎಂದು ಹೇಳಿಯೇ ಅವಳು ಎತ್ತು ಕಳಿಸಿದಳು.

ನನ್ನ ಹೊಲ ಬೇಗ ಮುಗಿಯಿತು. ಗುಳೇದಗುಡ್ಡದಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು, ಕಲ್ಲು ಹೇರಲು ಬಾಡಿಗೆ ಬಂಡಿ ಬೇಕಿತ್ತು. ಹೂಡಿದೆ. ಅಕ್ಕನ ಎತ್ತಿನ ಹೆಗಲು ನೊಗಕ್ಕೆ ತಿಕ್ಕಿ ಸುಲಿಯಿತು, ಆಮೇಲೆ ಕೀವಾಯಿತು. ನೊಗಕ್ಕೆ ಗೋಣಿತಟ್ಟು ಸುತ್ತಿ ಹೇರುತ್ತಲೇ ಇದ್ದೆ.

ಒಂದು ಮಧ್ಯಾಹ್ನ ಕೊಳ್ಳು ಹರಿದು ಎತ್ತನ್ನು ನೊಗದಿಂದ ಬಿಚ್ಚಿದಾಗ ಹುಣ್ಣಿನ ಅಂಚಿನಲ್ಲಿ ಹಸಿರು ನೊಣಗಳು ಮಿರಿಮಿರಿ ಮಿಂಚುತ್ತ ಕೂತಿದ್ದವು. ಓಡಿಸಿದರೆ ಕೊಂಬಿನ ಮೇಲೆ ಕೂತು ಮತ್ತೆ ಅಲ್ಲಿಗೇ ಬರುತ್ತಿದ್ದವು. ಅವು ಎದ್ದ ಜಾಗದಲ್ಲಿ ಅಕ್ಕಿ ನುಚ್ಚಿನಂಥ ಬಿಳಿ ಮೊಟ್ಟೆಗಳು. ಬೆರಳಿನಿಂದ ಒರೆಸಿದೆ. ಹಬ್ಬಕ್ಕೆ ಅಕ್ಕ ಬರುವವಳಿದ್ದಳು. ಹಬ್ಬದಲ್ಲಿ ಎತ್ತುಗಳಿಗೆ ಬಳಿಯುವ ಕೆಂಪು ಹುರಮಂಜನ್ನೇ ಗಟ್ಟಿಯಾಗಿ ಕಲೆಸಿ ಹೆಗಲಿಗೆ ಮೆತ್ತಿದೆ.

“ಹಬ್ಬ ಇನ್ನೂ ದೂರ ಐತಿ, ಈಗ ಎತ್ತಿಗೆ ಲಗ್ನಾ ಮಾಡಾಕ ಹೊಂಟೀಯೇನಲೇ?” ಎಂದ ಪಕ್ಕದ ಹೊಲದವ. ನಾನೂ ನಕ್ಕೆ.

ಹಬ್ಬದ ದಿನ ಅಕ್ಕ ಆರತಿ ಹಿಡಿದು ದನದ ಮನೆಗೆ ಹೋದಳು. ಎತ್ತು ಅವಳತ್ತ ಕತ್ತು ತಿರುಗಿಸಲಿಲ್ಲ, ನಡುಗುತ್ತಿತ್ತು. ಹೆಗಲ ಮೇಲಿನ ಕೆಂಪು ಪದರು ತಾನಾಗಿಯೇ ಅಲುಗುತ್ತಿತ್ತು. ಅವಳು ಉಗುರಿನಿಂದ ಎಬ್ಬಿಸಿದಳು. ಒಳಗೆ ಹುಳುಗಳು ತಲೆಯನ್ನು ಮಾಂಸದಲ್ಲಿ ನೆಟ್ಟು ಕುದಿಯುತ್ತಿದ್ದವು.

“ಹುಳಾ ಬಿದ್ದಾವಲ್ಲೋ ತಮ್ಮಾ. ನೀ ನೋಡಿದ್ದಿಲ್ಲೇನು?”

“ಇಲ್ಲಕ್ಕಾ. ಹೊಲದಾಗ ಜಾಲಿಮುಳ್ಳು ಹರದಿತ್ತು. ಹುರಮಂಜು ಹಚ್ಚಿದ್ರ ಮಾಯತೈತಿ ಅಂದ್ಕೊಂಡೆ.”

ಅವಳು ನಂಬಿದಳು. ಸೀತಾಫಲದ ಎಲೆ ಅರೆದು ತುಂಬಿದೆವು. ಹುಳುಗಳು ಉದುರಿದವು, ಆದರೆ ಅಷ್ಟರಲ್ಲಿ ಎಲುಬು ಕಾಣುತ್ತಿತ್ತು. ಎತ್ತು ಮಲಗಿತು, ಏಳಲಿಲ್ಲ. ನನ್ನ ಹೊಲದಲ್ಲೇ ಕುಣಿ ತೋಡಿ, ಹಣೆಗೆ ವಿಭೂತಿ ಹಚ್ಚಿ ಮಣ್ಣು ಕೊಟ್ಟೆವು. ನಾನು ಅಳುತ್ತಿದ್ದುದನ್ನು ಕಂಡು, ನೀ ಏನು ಬೇಕೆಂದು ಮಾಡಿದೆಯಾ ಎಂದು ಅವಳೇ ಸಮಾಧಾನ ಹೇಳಿದಳು.

ಆ ವರ್ಷ ಅವಳ ಹೊಲ ಬೀಳು ಬಿತ್ತು. ನನ್ನ ಹೊಲಕ್ಕೇ ಕಳೆ ತೆಗೆಯಲು ಬಂದಳು. ಕೂಲಿ ಕೊಟ್ಟೆ, ತೆಗೆದುಕೊಂಡಳು. ಅವಳು ಸಾಯುವವರೆಗೂ ನಾನು ನಿಜ ಹೇಳಲಿಲ್ಲ. ಆ ಕಳೆಯ ದಿನಗಳಲ್ಲಿ ದಿನವೂ ಸಂಜೆ ಹೊಲದಿಂದ ಹೊರಡುವ ಮುಂಚೆ, ಎಲ್ಲಾದರೂ ಗಾಯವಿದೆಯೇ ಎಂದು ನನ್ನ ಎತ್ತಿನ ಹೆಗಲನ್ನು ಸವರಿ ನೋಡಿ ಹೋಗುತ್ತಿದ್ದಳು.