ಸರ್ದಾನಾಳ ಊರಿನ ಕರಗುವ ನೆಲ

ನೆಲ ಕರಗುತ್ತದೆ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಸ್ಯಾನ್ ಮಟಿಯೋದ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಊಟಕ್ಕೆ ಕೂತಿದ್ದಾಗ. ಮಂಡ್ಯದ ಕಡೆಯವಳಾದ ನನಗೆ ನೆಲ ಒದ್ದೆಯಾಗುವುದು ಗೊತ್ತು, ಬಿರಿಯುವುದು ಗೊತ್ತು. ಕರಗುವುದು ಗೊತ್ತಿರಲಿಲ್ಲ.

ಹೇಳಿದವಳು ಪಕ್ಕದ ಮನೆಯ ಸರ್ದಾನಾ. ಸೈಬೀರಿಯಾದವಳು, ಇಲ್ಲಿ ಡೇಕೇರಿನಲ್ಲಿ ಕೆಲಸ. ನಾವು ಬಂದ ಹೊಸತರಲ್ಲಿ ಗಂಡ ಆಫೀಸಿಗೂ ಮಗಳು ಇಂಚರಾ ಡೇಕೇರಿಗೂ ಹೋದ ಮೇಲೆ ನನಗೆ ಮಾತಾಡಲು ಯಾರೂ ಇರುತ್ತಿರಲಿಲ್ಲ. ನಮ್ಮೂರಲ್ಲಾದರೆ ಬಾಗಿಲು ತೆರೆದರೆ ಸಾಕು, ಯಾರಾದರೂ ‘ಊಟ ಆಯ್ತಾ’ ಎನ್ನುತ್ತಾರೆ. ಇಲ್ಲಿ ಬಾಗಿಲು ತಟ್ಟಿದವಳು ಅವಳೊಬ್ಬಳೇ. ಪಕ್ಕದಲ್ಲಿ ಕೂತು ಫ್ರೀವೇಯಲ್ಲಿ ನನ್ನ ಕೈಲಿ ಮೊದಲ ಸಲ ಕಾರು ಓಡಿಸಿದವಳೂ ಅವಳೇ.

ಅಮ್ಮ ಊರಿಂದ ಬಂದಿದ್ದಾಗ ಅವಳನ್ನು ಊಟಕ್ಕೆ ಕರೆದೆ. ಪಕ್ಕದ ಫಾಸ್ಟರ್ ಸಿಟಿಯಿಂದ ಗಂಡನ ಗೆಳೆಯ ಮಂಜಣ್ಣ ಕೂಡ ಬಂದಿದ್ದರು, ಹಾಸನದವರು, ಮಾತುಗಾರರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಸರ್ದಾನಾ, ತಮ್ಮೂರಿಗೆ ಈಗೀಗ ಚಳಿಗಾಲ ತಡವಾಗಿ ಬರುತ್ತಿದೆ ಎಂದಳು.

“ಒಳ್ಳೇದೇ ಆಯ್ತಲ್ಲ,” ಎಂದರು ಮಂಜಣ್ಣ ಕನ್ನಡದಲ್ಲಿ. “ಇನ್ನು ಸ್ವಲ್ಪ ವರ್ಷ ಬಿಟ್ರೆ ಅಲ್ಲೇ ಭತ್ತ ನಾಟಿ ಮಾಡಬೋದು.”

ನನ್ನ ಗಂಡ ನಕ್ಕರು. ನಾನೂ ನಕ್ಕೆ, ತುಸು ಜೋರಾಗಿಯೇ. ಏನೆಂದರು ಎಂದು ಸರ್ದಾನಾ ಕೇಳಿದಳು. ಹೋಳಿಗೆ ಚೆನ್ನಾಗಿದೆಯಂತೆ ಎಂದೆ.

ಆರು ವರ್ಷದ ಇಂಚರಾ ಕನ್ನಡ ಆಡುವುದು ಕಡಿಮೆ, ಆದರೆ ಎಲ್ಲ ತಿಳಿಯುತ್ತದೆ. “ನೋ ಅಮ್ಮಾ,” ಎಂದವಳೇ ಮಂಜಣ್ಣನ ಮಾತನ್ನು ಪೂರ್ತಿ ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು.

ನನ್ನ ಕಿವಿ ಬಿಸಿಯಾಯಿತು. ಬೇರೆ ಭಾಷೆಯವರು ನನ್ನೆದುರು ತಮ್ಮತಮ್ಮಲ್ಲೇ ಮಾತಾಡಿ ನಕ್ಕಾಗ, ನನ್ನ ಬಗ್ಗೆಯೇ ಇರಬೇಕೆಂದು ಎಷ್ಟೋ ಸಲ ಕುಗ್ಗಿದವಳು ನಾನು. ಅದನ್ನೇ ನನ್ನ ಮನೆಗೆ ಬಂದವಳಿಗೆ ಮಾಡಿದ್ದೆ.

ಸರ್ದಾನಾ ಸಿಟ್ಟಾಗಲಿಲ್ಲ, ಬಿಡಿಸಿ ಹೇಳಿದಳು. ಅವರ ಊರಲ್ಲಿ ಆಳದ ನೆಲ ಸದಾ ಹೆಪ್ಪುಗಟ್ಟಿಯೇ ಇರುತ್ತದಂತೆ. ಬೇಸಿಗೆಯಲ್ಲಿ ಮೇಲಿನ ಪದರವಷ್ಟೇ ಸಡಿಲಾಗಿ ಚಳಿಗಾಲಕ್ಕೆ ಮತ್ತೆ ಕಲ್ಲಾಗುತ್ತದೆ. ಅವಳು ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ಮೊಣಕಾಲುದ್ದ ಅಗೆದರೆ ಗುದ್ದಲಿ ಠಣ್ಣೆನ್ನುತ್ತಿತ್ತು. ಈಗ ಸೊಂಟದುದ್ದ ಅಗೆದರೂ ಕೆಸರು. ಮಾಂಸ ಕೆಡದಂತೆ ಇಡುತ್ತಿದ್ದ ‘ಬುಲೂಸ್’, ಅಂದರೆ ನೆಲದೊಳಗಿನ ಹಿಮದ ಉಗ್ರಾಣ, ನೀರು ತುಂಬಿ ಹಾಳಾಗಿದೆ.

“ಅಕ್ಕ ಇದ್ದ ನಮ್ಮ ತವರುಮನೆ ಒಂದು ಕಡೆ ಕುಸಿಯಿತು. ಬಾಗಿಲು ಹಾಕಲು ಬರುತ್ತಿರಲಿಲ್ಲ. ಹೋದ ತಿಂಗಳು ಅಕ್ಕನವರು ಮನೆ ಬಿಟ್ಟು ಹೋದರು,” ಎಂದಳು. ಮಂಜಣ್ಣ ತಟ್ಟೆ ನೋಡುತ್ತಾ ‘ಸಾರಿ’ ಎಂದರು.

“ಏನಂತೆ ಕಣೇ?” ಎಂದರು ಅಮ್ಮ. ಈ ಸಲ ಎಲ್ಲವನ್ನೂ ಹೇಳಿದೆ.

“ಅವರಕ್ಕ ಈಗ ಎಲ್ಲವ್ರೆ? ಮಕ್ಕಳು ಅವ್ರಾ? ಕೇಳು.”

ನನಗೆ ಹೊಳೆಯದೇ ಹೋದ ಪ್ರಶ್ನೆ ಅದು. ಕೇಳಿದೆ. ಅಕ್ಕ ಇಬ್ಬರು ಮಕ್ಕಳೊಂದಿಗೆ ಪಟ್ಟಣದಲ್ಲಿ ಬಾಡಿಗೆಗಿದ್ದಳು.

ಮರುದಿನ ಸರ್ದಾನಾಳ ಬಾಗಿಲು ತಟ್ಟಿ ಕ್ಷಮೆ ಕೇಳಿದೆ. “ನಕ್ಕಿದ್ದು ಹೋಗಲಿ. ನನಗೆ ಸುಳ್ಳು ಹೇಳಬೇಡ,” ಎಂದು ಒಳಗೆ ಕರೆದು ಚಹಾ ಕೊಟ್ಟಳು. ಕುಡಿಯುವಾಗಲೂ ಅವಳ ಮುಖ ನೋಡಲಾಗಲಿಲ್ಲ.

ಆ ಭಾನುವಾರ ಲಿವರ್‌ಮೋರಿನ ದೇವಸ್ಥಾನಕ್ಕೆ ಹೋಗುವಾಗ ಅಮ್ಮ ಕಾರಿನಲ್ಲಿ ಹೇಳಿದರು: “ಪಾಪ, ಆ ಹುಡುಗಿಗೆ ಹೋಗಾಕೆ ಮನೆ ಇಲ್ಲ. ನಮ್ದು ನೆಟ್ಟಗೆ ನಿಂತದೆ. ನೀ ಯಾಕವ್ವ ಬರಾಕಿಲ್ಲ?”

ರಜೆಗೆ ಬರ್ತೀನಿ ಎಂದೆ. ಹೇಳುತ್ತಿದ್ದಂತೆಯೇ, ಊರಿಗೆ ಹೋದರೆ ಮನೆಗೆ ಯಾವಾಗ ಮರಳಬಹುದೆಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಆ ಮನೆ ಸ್ಯಾನ್ ಮಟಿಯೋದ್ದು. ಅಮ್ಮನಿಗೆ ಅದನ್ನು ಹೇಳಲಿಲ್ಲ.